ಹಬ್ಬದ ದಿನ ಅಮ್ಮನ ಬಿಪಿ ಮಾತ್ರೆ ತಪ್ಪುವುದು ಯಾಕೆ?

ಪ್ರಶ್ನೆ: ನನ್ನ ಅಮ್ಮನಿಗೆ 61 ವರ್ಷ. ಆರು ವರ್ಷದಿಂದ ಬಿಪಿ ಇದೆ. ಟೆಲ್ಮಿಸಾರ್ಟಾನ್ 40, ಆಮ್ಲೋಡಿಪಿನ್ 5 ಎರಡೂ ಸೇರಿರುವ ಮಾತ್ರೆಯನ್ನು ದಿನಾ ಬೆಳಿಗ್ಗೆ ತಿಂಡಿ ಆದ ಮೇಲೆ ತೆಗೆದುಕೊಳ್ಳುತ್ತಾರೆ. ಬೇರೆ ದಿನಗಳಲ್ಲಿ 130/80ರ ಆಸುಪಾಸು ಇರುತ್ತದೆ. ಹಬ್ಬ ಬಂತೆಂದರೆ ಏನಾದರೊಂದು ಆಗುತ್ತದೆ. ಕಳೆದ ವರ್ಷ ಗೌರಿ ಹಬ್ಬದ ದಿನ ಅಡುಗೆ ಮನೆಯಲ್ಲೇ ತಲೆ ಸುತ್ತಿ ಕೂತುಬಿಟ್ಟರು. ದೀಪಾವಳಿ ಅಮಾವಾಸ್ಯೆ ಸಂಜೆ ಮೆಷಿನ್‌ನಲ್ಲಿ ನೋಡಿದರೆ 172/98. ಎರಡು ದಿನದಿಂದ ಮಾತ್ರೆಯನ್ನೇ ತೆಗೆದುಕೊಂಡಿರಲಿಲ್ಲ. ಗಾಬರಿಯಾಗಿ ಒಂದೇ ಸಲ ಎರಡು ಮಾತ್ರೆ ಕೊಟ್ಟೆವು. ಮಾರನೇ ಬೆಳಿಗ್ಗೆ ಎಂದಿನ ಮಾತ್ರೆಯೂ ಆಯಿತು. ಹತ್ತು ಗಂಟೆ ಹೊತ್ತಿಗೆ ಅವರಿಗೆ ಎದ್ದು ನಿಲ್ಲಲು ಆಗಲಿಲ್ಲ. ಈ ಸಲ ಒಬ್ಬಟ್ಟು, ಚಕ್ಕುಲಿ ಎಲ್ಲ ಬಂದ್ ಮಾಡಿಸೋಣ ಅಂತ ಅಣ್ಣ ಹೇಳುತ್ತಿದ್ದಾನೆ. ಅಮ್ಮ ಒಪ್ಪುತ್ತಿಲ್ಲ. ದಸರಾ ಸಮಯಕ್ಕೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಹರಕೆ ಬೇರೆ ಇದೆ. ಏನು ಮಾಡಬೇಕು?
— ಹಾಸನದಿಂದ ಒಬ್ಬ ಓದುಗರು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಒಬ್ಬಟ್ಟನ್ನು ಬಂದ್ ಮಾಡಿಸುವ ಮೊದಲು ನೀವೇ ಬರೆದ ಒಂದು ಸಾಲನ್ನು ಮತ್ತೆ ನೋಡಿ. 'ತಿಂಡಿ ಆದ ಮೇಲೆ' ಮಾತ್ರೆ ತೆಗೆದುಕೊಳ್ಳುತ್ತಾರೆ ಅಂದಿದ್ದೀರಿ. ಹಬ್ಬದ ದಿನ ನಿಮ್ಮ ಮನೆಯಲ್ಲಿ ಅಮ್ಮನಿಗೆ ತಿಂಡಿ ಎಲ್ಲಿರುತ್ತದೆ? ಪೂಜೆ ಮುಗಿಯುವವರೆಗೆ ಅವರು ಏನನ್ನೂ ಮುಟ್ಟುವುದಿಲ್ಲ. ಪೂಜೆ ಮುಗಿಯುವಾಗ ಹನ್ನೆರಡೂವರೆ. ಆಮೇಲೆ ನೈವೇದ್ಯ, ಆಮೇಲೆ ಎಲ್ಲರಿಗೂ ಬಡಿಸುವುದು. ಅವರು ಎಲೆ ಮುಂದೆ ಕೂರುವ ಹೊತ್ತಿಗೆ ಮೂರು ಗಂಟೆ. ತಿಂಡಿಯೇ ಇಲ್ಲದ ದಿನ 'ತಿಂಡಿ ಆದ ಮೇಲಿನ ಮಾತ್ರೆ' ನೆನಪಾಗುವುದು ಹೇಗೆ? ಅದು ಅವರ ಮರೆವಲ್ಲ. ಮಾತ್ರೆಯನ್ನು ನಾವು ಕಟ್ಟಿಹಾಕಿದ ಗೂಟವೇ ಆ ದಿನ ಕಿತ್ತು ಹೋಗಿರುತ್ತದೆ.

ಹಬ್ಬ ಮುಗಿದ ವಾರ ನನ್ನ ಹತ್ತಿರ ಬರುವ ಬಿಪಿ ರೋಗಿಗಳಲ್ಲಿ ನಿಮ್ಮ ಅಮ್ಮನ ವಯಸ್ಸಿನ ಹೆಂಗಸರೇ ಜಾಸ್ತಿ. ಜೊತೆಗೆ ಬಂದವರು 'ಸಿಹಿ ತಿಂದುಬಿಟ್ಟರು ಡಾಕ್ಟ್ರೇ' ಅಂತ ದೂರು ಹೇಳುತ್ತಾರೆ. ನಾನು ಮಾತ್ರೆಯ ಪಟ್ಟಿ ತೋರಿಸಿ ಅನ್ನುತ್ತೇನೆ. ಎಣಿಸಿದರೆ ನಾಲ್ಕು ಮಾತ್ರೆ ಜಾಸ್ತಿ ಉಳಿದಿರುತ್ತವೆ. ಹಬ್ಬದ ಬಿಪಿಗೆ ನಾನು ಮೊದಲು ನೋಡುವುದು ಎಲೆಯಲ್ಲಿ ಏನು ಬಡಿಸಿದ್ದರು ಅನ್ನುವುದನ್ನಲ್ಲ. ಮಾತ್ರೆ, ನಿದ್ದೆ, ನೀರು ಈ ಮೂರನ್ನು. ಉಪ್ಪು ಅದರ ನಂತರ. ಸಿಹಿ ಎಲ್ಲಕ್ಕಿಂತ ಕೊನೆಗೆ.

ಮೊದಲು ಮಾತ್ರೆಯ ವಿಷಯ ಮುಗಿಸೋಣ. ಟೆಲ್ಮಿಸಾರ್ಟಾನ್ ಆಗಲಿ ಆಮ್ಲೋಡಿಪಿನ್ ಆಗಲಿ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ತೊಂದರೆ ಇಲ್ಲ. ಊಟಕ್ಕೂ ಈ ಎರಡು ಔಷಧಕ್ಕೂ ಸಂಬಂಧವೇ ಇಲ್ಲ. 'ತಿಂಡಿ ಆದ ಮೇಲೆ' ಅಂತ ನಾವು ಬರೆಯುವುದು ನೆನಪಿಗೆ ಸುಲಭ ಆಗಲಿ ಅಂತ, ಅಷ್ಟೇ. ಹಾಗಾಗಿ ಬೆಳಿಗ್ಗೆ ಎದ್ದು ಹಲ್ಲುಜ್ಜಿದ ತಕ್ಷಣ ಒಂದು ಲೋಟ ನೀರಿನ ಜೊತೆ ಮಾತ್ರೆ ನುಂಗಿಬಿಡಬಹುದು. ಅಥವಾ ಸಂಜೆ ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಬದಲಾಯಿಸಿಕೊಳ್ಳಬಹುದು. ಹಬ್ಬ ಇರಲಿ, ಮದುವೆ ಇರಲಿ, ಆ ದೀಪ ತಪ್ಪುವುದಿಲ್ಲ ಅಲ್ವಾ? ಬಿಪಿ ಮಾತ್ರೆ ಬೆಳಿಗ್ಗೆ ಒಳ್ಳೆಯದೋ ರಾತ್ರಿ ಒಳ್ಳೆಯದೋ ಅಂತ ಬ್ರಿಟನ್‌ನಲ್ಲಿ 21,000ಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿ ನೋಡಿದರು. 2022ರಲ್ಲಿ ಫಲಿತಾಂಶ ಬಂತು. ಹೃದಯಾಘಾತ, ಪಾರ್ಶ್ವವಾಯು ಲೆಕ್ಕದಲ್ಲಿ ಎರಡಕ್ಕೂ ವ್ಯತ್ಯಾಸವೇ ಇರಲಿಲ್ಲ. ದಿನಾ ಒಂದೇ ಹೊತ್ತಿಗೆ, ತಪ್ಪದೆ ತೆಗೆದುಕೊಳ್ಳುವುದು ಮುಖ್ಯ. ಹೊತ್ತು ಬದಲಾಯಿಸುವ ಮುಂಚೆ ನಿಮ್ಮ ವೈದ್ಯರಿಗೆ ಒಂದು ಮಾತು ಹೇಳಿ. ಬದಲಾಯಿಸುವುದನ್ನು ಹಬ್ಬಕ್ಕೆ ಮೂರು ವಾರ ಇರುವಾಗಲೇ ಶುರು ಮಾಡಿ. ಹಬ್ಬದ ದಿನವೇ ಹೊಸ ಅಭ್ಯಾಸ ಶುರು ಮಾಡಿದರೆ ನಿಲ್ಲುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಅಮ್ಮನಿಗೆ ಸಕ್ಕರೆ ಕಾಯಿಲೆಯೂ ಇದ್ದರೆ, ಆ ಮಾತ್ರೆಗಳ ಲೆಕ್ಕವೇ ಬೇರೆ. ಗ್ಲಿಮಿಪಿರೈಡ್ ತರಹದ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಂಡು ಮಧ್ಯಾಹ್ನದವರೆಗೆ ಉಪವಾಸ ಇದ್ದರೆ ಸಕ್ಕರೆ ಇಳಿದು ಪ್ರಜ್ಞೆಯೇ ತಪ್ಪಬಹುದು. ಬಿಪಿ ಮಾತ್ರೆಗೆ ಹೇಳಿದ ಮಾತನ್ನು ಅದಕ್ಕೆ ಅನ್ವಯಿಸಬೇಡಿ. ಹಾಗೆಯೇ ಕೆಲವರಿಗೆ ಬಿಪಿ ಮಾತ್ರೆಯ ಜೊತೆ ಮೂತ್ರ ಜಾಸ್ತಿ ಹೋಗಿಸುವ ಔಷಧ ಸೇರಿರುತ್ತದೆ. ಪಟ್ಟಿಯ ಮೇಲೆ ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್‌ಥಾಲಿಡೋನ್ ಅಂತ ಇರುತ್ತದೆ, ಅಥವಾ ಮಾತ್ರೆಯ ಹೆಸರಿನ ಕೊನೆಗೆ 'ಎಚ್' ಅಂತ. ಅಂಥವರು ನೀರೂ ಕುಡಿಯದೆ ಉಪವಾಸ ಮಾಡುವುದು ಒಳ್ಳೆಯದಲ್ಲ. ಮೆಟೊಪ್ರೊಲಾಲ್, ಅಟೆನೊಲಾಲ್, ಕ್ಲೋನಿಡಿನ್ ತೆಗೆದುಕೊಳ್ಳುವವರು ಒಂದು ದಿನವೂ ಸುಮ್ನೆ ಬಿಡುವ ಹಾಗಿಲ್ಲ. ಇವನ್ನು ಏಕಾಏಕಿ ನಿಲ್ಲಿಸಿದರೆ ಬಿಪಿ, ಎದೆಬಡಿತ ಎರಡೂ ಮೊದಲಿಗಿಂತ ಮೇಲೆ ನೆಗೆಯುತ್ತವೆ.

'ಪೂಜೆಗೆ ಮುಂಚೆ ಮಾತ್ರೆ ನುಂಗಿದರೆ ವ್ರತ ಕೆಡುತ್ತದೆ' ಅಂತ ಅಮ್ಮ ಹೇಳಬಹುದು. ನನ್ನ ಅಜ್ಜಿಯೂ ಹಾಗೇ ಹೇಳುತ್ತಿದ್ದರು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ವಾದಕ್ಕೂ ಇಳಿಯಬೇಡಿ. ವ್ರತವನ್ನು ಕೆಡಿಸದ ಎಂಟು ವಸ್ತುಗಳನ್ನು ಹೇಳುವ ಹಳೆಯ ಸಂಸ್ಕೃತ ಶ್ಲೋಕವೊಂದಿದೆ. ನೀರು, ಗೆಡ್ಡೆಗೆಣಸು, ಹಣ್ಣು, ಹಾಲು ಅಂತ ಹೇಳುತ್ತಾ ಬಂದು ಕೊನೆಗೆ ಔಷಧವನ್ನೂ ಹೆಸರಿಸುತ್ತದೆ. ನಿಮ್ಮ ಮನೆಗೆ ಬರುವ ಪುರೋಹಿತರನ್ನೇ ಒಂದು ಮಾತು ಕೇಳಿಸಿ. ನಾನು ಹತ್ತು ಸಲ ಹೇಳಿದರೂ ಒಪ್ಪದವರು ಪುರೋಹಿತರು 'ತಗೊಳ್ಳಿ ಅಮ್ಮ, ದೋಷ ಇಲ್ಲ' ಅಂದ ಕೂಡಲೇ ಒಪ್ಪಿದ್ದನ್ನು ಕಂಡಿದ್ದೇನೆ. ನೀರು, ಹಾಲು, ಬಾಳೆಹಣ್ಣಿಗೂ ಅದೇ ಶ್ಲೋಕದಲ್ಲಿ ದಾರಿ ಸಿಕ್ಕಿತು ನೋಡಿ. ಬೆಳಿಗ್ಗೆ ಒಂದು ಲೋಟ ಹಾಲು, ಎರಡು ಬಾಳೆಹಣ್ಣು, ಗಂಟೆಗೊಮ್ಮೆ ಅರ್ಧ ಲೋಟ ನೀರು. ಗೌರಿ ಹಬ್ಬದ ದಿನ ಇಷ್ಟಾಗಿದ್ದರೆ ಅವರು ಅಡುಗೆ ಮನೆಯಲ್ಲಿ ಕುಸಿದು ಕೂರುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಯಾಕೆಂದರೆ ಅವತ್ತು ಅವರ ಬಿಪಿ ಏರಿರುವುದಕ್ಕಿಂತ ಇಳಿದಿರುವ ಸಾಧ್ಯತೆಯೇ ಜಾಸ್ತಿ. ಬೆಳಗಿನ ಜಾವ ಎದ್ದು, ನೀರೂ ಕುಡಿಯದೆ, ಒಲೆ ಮುಂದೆ ಐದಾರು ಗಂಟೆ ನಿಂತೇ ಇರುತ್ತಾರೆ. ಬೆವರು ಹರಿಯುತ್ತದೆ. ನಿಂತಲ್ಲೇ ನಿಂತಾಗ ರಕ್ತ ಕಾಲಿನ ಕಡೆ ಇಳಿದು ನಿಲ್ಲುತ್ತದೆ. ಆಮ್ಲೋಡಿಪಿನ್ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಬಿಸಿಯೂ ಅದೇ ಕೆಲಸ ಮಾಡುತ್ತದೆ. ಮಿದುಳಿಗೆ ರಕ್ತ ಸಾಲದೆ ತಲೆ ಸುತ್ತು ಬರುತ್ತದೆ. ನಮ್ಮಲ್ಲಿ ತಲೆ ಸುತ್ತು ಅಂದರೆ ಬಿಪಿ ಜಾಸ್ತಿ ಆಗಿದೆ ಅಂತಲೇ ನಂಬಿಕೆ. ಅಳೆಯದೆ ಇನ್ನೊಂದು ಮಾತ್ರೆ ಕೊಟ್ಟರೆ ಇಳಿದದ್ದು ಇನ್ನಷ್ಟು ಇಳಿಯುತ್ತದೆ. ಬಿಪಿ ಲೋ ಆಗಿರಬೇಕು ಅಂತ ಅಳೆಯದೆ ಉಪ್ಪು ನೀರು ಕುಡಿಸುವುದೂ ಅಷ್ಟೇ ತಪ್ಪು. ಮೊದಲು ಮಲಗಿಸಿ, ಕಾಲಿನ ಕೆಳಗೆ ಎರಡು ದಿಂಬು ಇಡಿ, ಆಮೇಲೆ ಅಳೆಯಿರಿ.

ಅಮ್ಮನಿಗೆ ಒಂದು ಎತ್ತರದ ಸ್ಟೂಲ್ ತಂದು ಅಡುಗೆ ಕಟ್ಟೆಯ ಹತ್ತಿರ ಇಡಿ. ಹೂರಣದ ಉಂಡೆ ಕಟ್ಟುವುದು, ಒಬ್ಬಟ್ಟು ತಟ್ಟುವುದು, ಕಾಯಿ ತುರಿಯುವುದು ಎಲ್ಲ ಕೂತು ಮಾಡಬಹುದಾದ ಕೆಲಸ. ಬೇಯಿಸುವ ಕೆಲಸವನ್ನು ನೀವೋ ಅಣ್ಣನೋ ವಹಿಸಿಕೊಳ್ಳಿ. ಅಣ್ಣನಿಗೆ ಅಮ್ಮನ ಬಿಪಿ ಬಗ್ಗೆ ಅಷ್ಟು ಕಾಳಜಿ ಇದೆ ಅಂದಮೇಲೆ ಕಾವಲಿ ಮುಂದೆ ಒಂದು ಗಂಟೆ ನಿಲ್ಲಲಿ. ಒಬ್ಬಟ್ಟು ನಿಷೇಧಿಸುವುದಕ್ಕಿಂತ ಅದರಿಂದ ಅಮ್ಮನಿಗೆ ಉಪಕಾರ ಜಾಸ್ತಿ. ಹಬ್ಬದ ಹಿಂದಿನ ರಾತ್ರಿ ಹನ್ನೊಂದು ಗಂಟೆ ತನಕ ರುಬ್ಬಿ, ಬೆಳಿಗ್ಗೆ ನಾಲ್ಕಕ್ಕೆ ಏಳುವುದು ಇದೆಯಲ್ಲ, ಆ ಒಂದು ರಾತ್ರಿಯ ನಿದ್ದೆಗೇಡಿಗೇ ಮರುದಿನದ ಬಿಪಿ ಮೇಲೇರುತ್ತದೆ. ಮಧ್ಯಾಹ್ನ ಊಟ ಆದ ಮೇಲೆ ಮುಸುರೆ ಪಾತ್ರೆ ಹಾಗೇ ಇರಲಿ. ಅಮ್ಮ ಮುಕ್ಕಾಲು ಗಂಟೆ ಮಲಗಲಿ.

ಈಗ ದೀಪಾವಳಿ ಸಂಜೆಯ 172/98ಕ್ಕೆ ಬರೋಣ. ಎರಡು ದಿನದ ಮಾತ್ರೆ ಬಿಟ್ಟುಹೋಗಿತ್ತು. ನೀರು ತುಂಬುವ ಹಬ್ಬದಿಂದ ಸರಿಯಾದ ನಿದ್ದೆ ಇರಲಿಲ್ಲ. ಹೊರಗೆ ಪಟಾಕಿ ಸದ್ದು, ಹೊಗೆ. ಮೆಷಿನ್ ಕಟ್ಟಿದಾಗ ಅವರು ಹೇಗೆ ಕೂತಿದ್ದರು? ಬಹುಶಃ ಅಡುಗೆ ಮನೆಯಿಂದ ಕರೆದು, ಸೋಫಾ ಅಂಚಲ್ಲಿ ಕೂರಿಸಿ, ಸೀರೆಯ ರವಿಕೆ ತೋಳಿನ ಮೇಲೇ ಪಟ್ಟಿ ಸುತ್ತಿ, ಸುತ್ತಲೂ ನಾಲ್ಕು ಜನ 'ಎಷ್ಟಿದೆ ಎಷ್ಟಿದೆ' ಅಂತ ಬಗ್ಗಿ ನೋಡುತ್ತಿದ್ದಿರಿ. ಹೀಗೆ ಅಳೆದರೆ ಯಾರಿಗೇ ಆದರೂ ಹತ್ತು ಹದಿನೈದು ಜಾಸ್ತಿ ತೋರಿಸುತ್ತದೆ.

ಸರಿಯಾಗಿ ಅಳೆಯುವುದು ಹೀಗೆ. ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು. ಬಚ್ಚಲಿಗೆ ಹೋಗಿ ಬಂದಿರಬೇಕು. ಮೂತ್ರ ಕಟ್ಟಿಕೊಂಡು ಕೂತರೂ ಬಿಪಿ ಏರುತ್ತದೆ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಕೂರಿಸಿ, ಪಾದ ಎರಡೂ ನೆಲಕ್ಕೆ ಊರಿರಲಿ, ಕಾಲ ಮೇಲೆ ಕಾಲು ಬೇಡ. ಐದು ನಿಮಿಷ ಮಾತಿಲ್ಲದೆ ಸುಮ್ಮನೆ ಕೂರಲಿ. ತೋಳು ಎದೆಯ ಮಟ್ಟಕ್ಕೆ ಬರುವ ಹಾಗೆ ಮೇಜಿನ ಮೇಲೆ ದಿಂಬಿಟ್ಟು ಅದರ ಮೇಲೆ ಇಡಿ. ಪಟ್ಟಿಯನ್ನು ಬರಿಯ ತೋಳಿಗೆ ಕಟ್ಟಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆದಿಡಿ. ಮಣಿಕಟ್ಟಿಗೆ ಕಟ್ಟುವ ಮೆಷಿನ್ ನಿಮ್ಮಲ್ಲಿದ್ದರೆ ತೋಳಿನದ್ದಕ್ಕೆ ಬದಲಾಯಿಸಿ. ತೋಳು ದಪ್ಪ ಇದ್ದವರಿಗೆ ದೊಡ್ಡ ಪಟ್ಟಿ ಬೇಕು. ಚಿಕ್ಕ ಪಟ್ಟಿ ಬಿಗಿದರೆ ಇಲ್ಲದ ಬಿಪಿ ಕಾಣಿಸುತ್ತದೆ.

ಮನೆಯಲ್ಲಿ ಅಳೆದಾಗ 135/85ರ ಕೆಳಗೆ ಇದ್ದರೆ ಚೆನ್ನಾಗಿದೆ. ಹಬ್ಬದ ಎರಡು ದಿನ 145, 150 ಬಂದರೆ ಅದು ಎಚ್ಚರಿಕೆ ಗಂಟೆ, ಆದರೆ ಗಾಬರಿಯ ವಿಷಯವಲ್ಲ. ಮೇಲಿನ ಸಂಖ್ಯೆ 180 ದಾಟಿದರೆ ಅಥವಾ ಕೆಳಗಿನದು 120 ದಾಟಿದರೆ ಐದು ನಿಮಿಷ ಕೂರಿಸಿ ಮತ್ತೆ ನೋಡಿ. ಆಗಲೂ ಹಾಗೇ ಇದ್ದು ಎದೆನೋವು, ಉಸಿರಾಟದ ಕಷ್ಟ, ಕಣ್ಣು ಮಂಜು, ತಡೆಯಲಾರದ ತಲೆನೋವು, ಮಾತು ತೊದಲು, ಕೈಕಾಲು ಸೋಲು ಇವುಗಳಲ್ಲಿ ಒಂದಿದ್ದರೂ ತಕ್ಷಣ ಆಸ್ಪತ್ರೆಗೆ. ಈ ಲಕ್ಷಣ ಯಾವುದೂ ಇಲ್ಲದಿದ್ದರೆ ಅವತ್ತೇ ವೈದ್ಯರಿಗೆ ಫೋನ್ ಮಾಡಿ. ಬಿಪಿ ಬೇಗ ಇಳಿಸಲು ನಾಲಿಗೆ ಕೆಳಗೆ ನಿಫೆಡಿಪಿನ್ ಅನ್ನುವ ಔಷಧ ಇಡುವ ಹಳೆಯ ಪದ್ಧತಿ ಕೆಲವು ಕಡೆ ಇನ್ನೂ ಇದೆ. ಬೇಡವೇ ಬೇಡ. ಬಿಪಿ ಒಮ್ಮೆಲೇ ಕುಸಿದರೆ ಮಿದುಳಿಗೆ, ಹೃದಯಕ್ಕೆ ರಕ್ತ ಸಿಗದೆ ಅಪಾಯವೇ ಹೆಚ್ಚು.

ನೀವು ಎರಡು ಮಾತ್ರೆ ಕೊಟ್ಟಿದ್ದು ಯಾಕೆ ತಪ್ಪಾಯಿತು ಅನ್ನುವುದನ್ನೂ ಹೇಳುತ್ತೇನೆ. ಇದು ತುಂಬಾ ಮನೆಗಳಲ್ಲಿ ಆಗುತ್ತದೆ. ಆಮ್ಲೋಡಿಪಿನ್ ನುಂಗಿದ ತಕ್ಷಣ ಕೆಲಸ ಮಾಡುವ ಔಷಧವಲ್ಲ. ರಕ್ತದಲ್ಲಿ ಅದು ಗರಿಷ್ಠ ಮಟ್ಟಕ್ಕೆ ಬರಲು ಆರರಿಂದ ಹನ್ನೆರಡು ಗಂಟೆ ಬೇಕು. ದೇಹದಿಂದ ಅರ್ಧದಷ್ಟು ಹೊರಹೋಗಲು ಒಂದೂವರೆ ದಿನವೇ ಹಿಡಿಯಬಹುದು. ಹಾಗಾಗಿ ನೀವು ಸಂಜೆ ಕೊಟ್ಟ ಎರಡು ಮಾತ್ರೆ ಆ ಸಂಜೆಗೆ ಉಪಯೋಗಕ್ಕೆ ಬರಲಿಲ್ಲ. ಮಧ್ಯರಾತ್ರಿ, ಬೆಳಿಗ್ಗೆ ಕೆಲಸ ಶುರು ಮಾಡಿತು. ಅಷ್ಟರಲ್ಲಿ ಬೆಳಗಿನ ಮಾತ್ರೆಯೂ ಬಂದು ಸೇರಿತು. ಒಂದು ದಿನ ತಪ್ಪಿದರೆ ನೆನಪಾದಾಗ ಒಂದೇ ಮಾತ್ರೆ ಕೊಡಿ. ಮುಂದಿನ ಮಾತ್ರೆಯ ಹೊತ್ತು ಹತ್ತಿರ ಬಂದಿದ್ದರೆ ತಪ್ಪಿದ್ದನ್ನು ಬಿಟ್ಟೇಬಿಡಿ. ಜೋಡಿ ಮಾಡಬೇಡಿ. ಈ ಔಷಧ ನಿಧಾನವಾಗಿ ಹೋಗುವುದರಿಂದ ಒಂದು ದಿನ ತಪ್ಪಿದರೆ ದೊಡ್ಡ ಅನಾಹುತ ಆಗುವುದಿಲ್ಲ. ಆದರೆ ದೀಪಾವಳಿ ಒಂದು ದಿನದ ಹಬ್ಬವಲ್ಲ. ಚತುರ್ದಶಿ, ಅಮಾವಾಸ್ಯೆ, ಪಾಡ್ಯ ಅಂತ ಮೂರು ದಿನ ತಪ್ಪಿದಾಗ ದೇಹದಲ್ಲಿದ್ದ ಔಷಧದ ಗಂಟು ಖಾಲಿಯಾಗುತ್ತದೆ.

ಇನ್ನು ಊಟ. ಬಿಪಿಯ ಮಟ್ಟಿಗೆ ಶತ್ರು ಉಪ್ಪು. ದಿನಕ್ಕೆ 5 ಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಒಂದು ಟೀ ಚಮಚ, ಗೀರಿ ಸಮ ಮಾಡಿದ್ದು, ಇಡೀ ದಿನಕ್ಕೆ, ಎಲ್ಲ ಪದಾರ್ಥ ಸೇರಿ. ನಮ್ಮ ದೇಶದಲ್ಲಿ ಜನ ಮಾಮೂಲಿ ದಿನಗಳಲ್ಲೇ ಸುಮಾರು 8 ಗ್ರಾಂ ತಿನ್ನುತ್ತಾರೆ. ಬಿಪಿ ಇರುವವರು ದಿನದ ಉಪ್ಪಿನಲ್ಲಿ ನಾಲ್ಕು ಗ್ರಾಂನಷ್ಟು ಕಡಿಮೆ ಮಾಡಿದರೆ ಮೇಲಿನ ಸಂಖ್ಯೆ ಸುಮಾರು ಐದು ಇಳಿಯುತ್ತದೆ. ಇದು ಸಣ್ಣ ಲಾಭವಲ್ಲ.

ಹಬ್ಬದ ಎಲೆಯನ್ನೊಮ್ಮೆ ಮನಸ್ಸಲ್ಲೇ ಹಾಸಿ ನೋಡಿ. ಎಡ ತುದಿಗೆ ಮೊದಲು ಬೀಳುವುದೇ ಉಪ್ಪು. ಪಕ್ಕದಲ್ಲಿ ಉಪ್ಪಿನಕಾಯಿ. ಒಂದು ಚಮಚ ಉಪ್ಪಿನಕಾಯಿಯಲ್ಲಿ ಒಂದೂವರೆಯಿಂದ ಎರಡು ಗ್ರಾಂ ಉಪ್ಪಿರಬಹುದು. ಆಮೇಲೆ ಹಪ್ಪಳ, ಒಂದಕ್ಕೆ ಅರ್ಧ ಗ್ರಾಂ ಹತ್ತಿರ. ಸಂಡಿಗೆ. ಮೊಸರನ್ನದ ಜೊತೆ ಉಪ್ಪಲ್ಲೇ ನೆನೆದು ಒಣಗಿದ ಬಾಳಕದ ಮೆಣಸಿನಕಾಯಿ. ಪುಳಿಯೋಗರೆಯ ಗೊಜ್ಜು ಕೆಡದೆ ಇರಲಿ ಅಂತಲೇ ಉಪ್ಪು ಮುಂದು ಮಾಡಿ ಕುದಿಸಿರುತ್ತಾರೆ. ಚಕ್ಕುಲಿಯ ಲೆಕ್ಕ ಬೇಕಾದರೆ, ಒಂದು ಕಿಲೋ ಹಿಟ್ಟಿಗೆ ಮೂರು ನಾಲ್ಕು ಟೀ ಚಮಚ ಉಪ್ಪು ಬೀಳುತ್ತದೆ. ಒಂದೊಂದು ಚಕ್ಕುಲಿಗೆ ಕಾಲು ಗ್ರಾಂ ಅಂದುಕೊಳ್ಳಿ. ಒಂದು ತಿಂದರೆ ಏನೂ ಇಲ್ಲ. ಆದರೆ ಡಬ್ಬಿ ಟೀವಿ ಮುಂದೆ ಇದ್ದರೆ ಒಂದಕ್ಕೇ ನಿಲ್ಲುತ್ತದಾ? ಕೋಡುಬಳೆ, ನಿಪ್ಪಟ್ಟು, ಖಾರಾಬೂಂದಿ ಎಲ್ಲದರ ಕಥೆಯೂ ಇದೇ.

ಇಷ್ಟು ನೋಡಿದ ಮೇಲೆ ಒಬ್ಬಟ್ಟು ಎಷ್ಟು ಪಾಪದ್ದು ನೋಡಿ. ಹೂರಣದಲ್ಲಿ ಬೇಳೆ, ಬೆಲ್ಲ, ಏಲಕ್ಕಿ. ಉಪ್ಪು ಚಿಟಿಕೆಯಷ್ಟು. ಸಕ್ಕರೆ ಕಾಯಿಲೆ ಇಲ್ಲದಿದ್ದರೆ ಅಮ್ಮ ತುಪ್ಪ ಹಾಕಿಕೊಂಡು ಎರಡು ಒಬ್ಬಟ್ಟು ಸಂತೋಷವಾಗಿ ತಿನ್ನಲಿ. ನಾನು ಹೆದರುವುದು ಒಬ್ಬಟ್ಟಿನ ಸಾರಿಗೆ, ಅದೂ ಮಾರನೇ ದಿನದ್ದಕ್ಕೆ. ಬೇಳೆಕಟ್ಟಿನ ಸಾರು ಮರುದಿನ ಇನ್ನೂ ರುಚಿ ಅಂತ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಕುದಿಸುತ್ತೇವೆ. ನೀರು ಬತ್ತುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಮೂರನೇ ಸಲದ ಆ ಗಟ್ಟಿ ಸಾರಿನ ರುಚಿಯಲ್ಲಿ ಅರ್ಧ ಉಪ್ಪಿನದ್ದೇ. ಬಿಸಿ ಮಾಡುವಾಗ ಒಂದು ಲೋಟ ನೀರು ಸೇರಿಸಿ. ಸಾಧ್ಯವಾದರೆ ಉಪ್ಪು ಹಾಕುವ ಮುಂಚೆಯೇ ಅಮ್ಮನ ಪಾಲನ್ನು ಬೇರೆ ಪಾತ್ರೆಗೆ ತೆಗೆದಿಡಿ.

ಅಡುಗೆಯಲ್ಲಿ ಉಪ್ಪನ್ನು ಹಬ್ಬದ ದಿನವೇ ಕಡಿಮೆ ಮಾಡಿದರೆ ಮನೆಯವರೆಲ್ಲ 'ಸಪ್ಪೆ' ಅಂತ ತುದಿಯ ಉಪ್ಪನ್ನು ಕಲಸಿಕೊಳ್ಳುತ್ತಾರೆ. ಈಗಿನಿಂದಲೇ ವಾರ ವಾರ ಸ್ವಲ್ಪ ಸ್ವಲ್ಪ ಇಳಿಸುತ್ತಾ ಬನ್ನಿ. ಮೂರು ನಾಲ್ಕು ವಾರದಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ಹುಳಿ, ಕಾಯಿ, ನಿಂಬೆರಸ, ಇಂಗಿನ ಒಗ್ಗರಣೆ ಜೋರಾಗಿದ್ದರೆ ಉಪ್ಪಿನ ಕೊರತೆ ಅಷ್ಟು ಗೊತ್ತಾಗುವುದಿಲ್ಲ. ಕೋಸಂಬರಿಗೆ ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕಿ. ನೀರು ಬಿಡುವುದಿಲ್ಲ, ಮೇಲೆ ಮೇಲೆ ಇರುವ ಉಪ್ಪು ನಾಲಿಗೆಗೆ ಬೇಗ ಸಿಗುತ್ತದೆ, ಕಡಿಮೆ ಸಾಕಾಗುತ್ತದೆ. ಎಲೆಯ ತುದಿಗೆ ಶಾಸ್ತ್ರಕ್ಕೆ ನಾಲ್ಕು ಹರಳು ಉಪ್ಪು ಬಡಿಸಿ, ಅದು ಅಲ್ಲೇ ಇರಲಿ.

ಉಪವಾಸಕ್ಕೆ ಸೈಂಧವ ಲವಣ ಬಳಸಿದರೆ ಬಿಪಿಗೆ ಒಳ್ಳೆಯದು ಅನ್ನುವವರಿದ್ದಾರೆ. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ಬಣ್ಣ ಬೇರೆ, ಕೆಲಸ ಒಂದೇ. ಸೋಡಿಯಂ ಕಡಿಮೆ ಮಾಡಿ ಪೊಟ್ಯಾಷಿಯಂ ಸೇರಿಸಿದ ಉಪ್ಪು ಅಂಗಡಿಯಲ್ಲಿ ಸಿಗುತ್ತದೆ. ಅದು ನಿಜಕ್ಕೂ ಒಳ್ಳೆಯದು. ಚೀನಾದ ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದ ಅಧ್ಯಯನದಲ್ಲಿ ಅಂಥ ಉಪ್ಪಿನಿಂದ ಪಾರ್ಶ್ವವಾಯು ಶೇಕಡಾ 14ರಷ್ಟು ಕಡಿಮೆಯಾಯಿತು ಅಂತ 2021ರಲ್ಲಿ ವರದಿ ಬಂತು. ಆದರೆ ನಿಮ್ಮ ಅಮ್ಮ ಟೆಲ್ಮಿಸಾರ್ಟಾನ್ ತೆಗೆದುಕೊಳ್ಳುತ್ತಾರೆ. ಆ ಮಾತ್ರೆಯೂ ದೇಹದಲ್ಲಿ ಪೊಟ್ಯಾಷಿಯಂ ಉಳಿಸುತ್ತದೆ. ಎರಡೂ ಸೇರಿ, ಕಿಡ್ನಿ ಸ್ವಲ್ಪ ಸೋತಿದ್ದರೆ, ಪೊಟ್ಯಾಷಿಯಂ ಜಾಸ್ತಿಯಾಗಿ ಎದೆಬಡಿತವೇ ಏರುಪೇರಾಗಬಹುದು. ಕ್ರಿಯಾಟಿನಿನ್, ಪೊಟ್ಯಾಷಿಯಂ ಪರೀಕ್ಷೆ ಮಾಡಿಸಿ, ವೈದ್ಯರನ್ನು ಕೇಳದೆ ಆ ಉಪ್ಪನ್ನು ಮನೆಗೆ ತರಬೇಡಿ.

ಉಪ್ಪಿನ ಡಬ್ಬಿಯಲ್ಲಿ ಕಾಣದ ಉಪ್ಪೂ ಇದೆ. ಹಬ್ಬದ ಊಟ ಜಾಸ್ತಿಯಾಗಿ ಹೊಟ್ಟೆ ಉಬ್ಬರಿಸಿದಾಗ ನೀರಿಗೆ ಹಾಕಿ ಬುಸ್ಸೆಂದು ನೊರೆ ಬರಿಸಿ ಕುಡಿಯುವ ಪುಡಿ ಗೊತ್ತಲ್ಲ? ಅದು ಮುಖ್ಯವಾಗಿ ಸೋಡಾ. 5 ಗ್ರಾಂನ ಒಂದು ಪೊಟ್ಟಣದಲ್ಲಿ ಸುಮಾರು ಎರಡು ಗ್ರಾಂ ಉಪ್ಪಿನಲ್ಲಿರುವಷ್ಟು ಸೋಡಿಯಂ ಇರುತ್ತದೆ. ಬದಲಿಗೆ ಜೀರಿಗೆ ಕುದಿಸಿದ ನೀರು ಸಾಕು. ಶೀತ, ಕೆಮ್ಮಿಗೆ ಮಾಡುವ ಕಷಾಯದಲ್ಲಿ ಜೇಷ್ಠಮಧು ಹಾಕುತ್ತೀರಾದರೆ ಅಮ್ಮನ ಪಾಲಿಗೆ ಅದು ಬೇಡ. ಜೇಷ್ಠಮಧು ದೇಹದಲ್ಲಿ ಉಪ್ಪು, ನೀರು ಹಿಡಿದಿಟ್ಟು ಬಿಪಿ ಏರಿಸುತ್ತದೆ. ಶುಂಠಿ, ಮೆಣಸು, ತುಳಸಿಯದ್ದೇ ಇರಲಿ. ಶೀತಕ್ಕೆ ಮೆಡಿಕಲ್ ಶಾಪ್‌ನಲ್ಲಿ ಕೊಡುವ ಎಷ್ಟೋ ಮಾತ್ರೆಗಳಲ್ಲಿ ಫಿನೈಲೆಫ್ರಿನ್ ಇರುತ್ತದೆ, ಅದೂ ಬಿಪಿಗೆ ಆಗದು.

ಎಲ್ಲಕ್ಕಿಂತ ನನ್ನನ್ನು ಕಾಡುವುದು ನೋವಿನ ಮಾತ್ರೆ. ದಿನವಿಡೀ ನಿಂತು ಮಂಡಿ ನೋವು ಶುರುವಾಗುತ್ತದೆ. ಮಗನನ್ನೋ ಮೊಮ್ಮಗನನ್ನೋ ಅಂಗಡಿಗೆ ಕಳಿಸಿ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೋಫೆನ್ ತರಿಸುತ್ತಾರೆ. ಇವು ಬಿಪಿ ಏರಿಸುತ್ತವೆ, ಟೆಲ್ಮಿಸಾರ್ಟಾನ್ ಮಾಡುವ ಕೆಲಸವನ್ನು ಕೆಡಿಸುತ್ತವೆ. ನೀರು ಕುಡಿಯದೆ ದಣಿದ ದೇಹದಲ್ಲಿ ಕಿಡ್ನಿಗೂ ಪೆಟ್ಟು ಕೊಡುತ್ತವೆ. ಮನೆಯಲ್ಲಿ ಬೇರೆ ಯಾರಿಗೂ ಈ ಅಪಾಯ ಕಾಣುವುದಿಲ್ಲ, ಯಾಕೆಂದರೆ ನೋವು ಕಡಿಮೆಯಾಗಿರುತ್ತದೆ. ಒಂದೆರಡು ಪ್ಯಾರಸಿಟಮಾಲ್, ಬಿಸಿ ನೀರಿನ ಕಾವು, ಕಾಲು ನೀಡಿ ವಿಶ್ರಾಂತಿ ಇಷ್ಟರಲ್ಲೇ ನಿಭಾಯಿಸಿ. ಸಂಜೆ ಪಾದ ಊದಿದರೆ ಅದು ನಿಂತಿದ್ದಕ್ಕೂ ಇರಬಹುದು, ಆಮ್ಲೋಡಿಪಿನ್‌ನಿಂದಲೂ ಇರಬಹುದು. ಊತ ಕಂಡಿತು ಅಂತ ಮಾತ್ರೆ ನಿಲ್ಲಿಸಬೇಡಿ, ಮುಂದಿನ ಭೇಟಿಯಲ್ಲಿ ಹೇಳಿ.

ನರಕ ಚತುರ್ದಶಿಯ ಎಣ್ಣೆ ಸ್ನಾನದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬೆಳಗಿನ ಜಾವ, ಖಾಲಿ ಹೊಟ್ಟೆ, ಕಿಟಕಿ ಮುಚ್ಚಿದ ಬಚ್ಚಲು, ಹಂಡೆಯಲ್ಲಿ ಸುಡು ನೀರು. ಇಷ್ಟು ಬಿಸಿಗೆ ರಕ್ತನಾಳ ಹಿಗ್ಗಿ, ಮಣೆಯಿಂದ ಎದ್ದ ಕೂಡಲೇ ಕಣ್ಣು ಕತ್ತಲೆ ಬರುತ್ತದೆ. ನೆಲದಲ್ಲಿ ಎಣ್ಣೆ, ಸೀಗೆಕಾಯಿ ಬೇರೆ. ಸೊಂಟದ ಮೂಳೆ ಮುರಿದುಕೊಂಡು ದೀಪಾವಳಿಯನ್ನು ಆಸ್ಪತ್ರೆಯಲ್ಲಿ ಕಳೆದವರನ್ನು ನೋಡಿದ್ದೇನೆ. ಹದ ಬಿಸಿ ನೀರು, ಮೊದಲು ಅರ್ಧ ಲೋಟ ಹಾಲು, ಕೂತೇ ಸ್ನಾನ, ಏಳುವಾಗ ನಿಧಾನ, ಬಾಗಿಲಿಗೆ ಒಳಗಿನಿಂದ ಚಿಲಕ ಬೇಡ. ಗ್ಯಾಸ್ ಗೀಸರ್ ಇದ್ದರೆ ಕಿಟಕಿ ತೆರೆದೇ ಇರಬೇಕು. ಅದರ ವಿಷಗಾಳಿಗೆ ವಾಸನೆಯೂ ಇಲ್ಲ.

ಹಬ್ಬಕ್ಕೆ ಹತ್ತು ದಿನ ಮುಂಚೆ ಮಾತ್ರೆ ಎಣಿಸಿ, ಎರಡು ವಾರದ್ದು ಜಾಸ್ತಿ ತಂದಿಡಿ. ಹಬ್ಬದ ದಿನ ಅಂಗಡಿಗಳು ಬೇಗ ಮುಚ್ಚುತ್ತವೆ. ಊರಿಗೆ ಹೋಗುವಾಗ ಮಾತ್ರೆ ಬಸ್ಸಿನ ಡಿಕ್ಕಿಗೆ ಹಾಕುವ ಸೂಟ್‌ಕೇಸಲ್ಲಲ್ಲ, ಅಮ್ಮನ ಕೈಚೀಲದಲ್ಲಿ ಇರಲಿ. ಪಟ್ಟಿಯ ಫೋಟೋ ನಿಮ್ಮ ಮೊಬೈಲಲ್ಲಿ ಇರಲಿ. ಖರ್ಚಿನ ಚಿಂತೆ ಇದ್ದರೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ತಪಾಸಣೆ, ಮಾತ್ರೆ ಎರಡೂ ಉಚಿತ. ಜನೌಷಧಿ ಕೇಂದ್ರದಲ್ಲಿ ಇವೇ ಔಷಧಗಳು ಕಡಿಮೆ ಬೆಲೆಗೆ ಸಿಗುತ್ತವೆ.

ಹಬ್ಬ ಹಾಳಾಗಬಾರದು ಅಂತ ತೊಂದರೆಯನ್ನು ಮುಚ್ಚಿಡುವ ಗುಣ ನಮ್ಮ ಅಮ್ಮಂದಿರಿಗೆ ಇದೆ. ಸ್ವೀಡನ್‌ನಲ್ಲಿ 1998ರಿಂದ 2013ರವರೆಗಿನ ಹೃದಯಾಘಾತಗಳನ್ನು ಲೆಕ್ಕ ಹಾಕಿದಾಗ ಕ್ರಿಸ್‌ಮಸ್ ಹಿಂದಿನ ದಿನ ಅಪಾಯ ಶೇಕಡಾ 37ರಷ್ಟು ಜಾಸ್ತಿ ಇತ್ತು, ಅದರಲ್ಲೂ ರಾತ್ರಿ ಹತ್ತರ ಹೊತ್ತಿಗೆ. 75 ದಾಟಿದವರಿಗೆ, ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೂ ಹೆಚ್ಚು. ಊರು ಬೇರೆ, ಹಬ್ಬ ಬೇರೆ, ಮನುಷ್ಯರ ಹೃದಯ ಬೇರೆ ಅಲ್ಲವಲ್ಲ. 'ಗ್ಯಾಸ್ ಇರಬೇಕು, ಪೂಜೆ ಮುಗೀಲಿ' ಅಂತ ಅಮ್ಮ ಎದೆ ಹಿಡಿದುಕೊಂಡರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ಬಾಯಿ ಒಂದು ಕಡೆ ವಾಲಿದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ನಾಲ್ಕೂವರೆ ಗಂಟೆಯೊಳಗೆ ಸ್ಕ್ಯಾನ್ ಇರುವ ದೊಡ್ಡ ಆಸ್ಪತ್ರೆ ಸೇರಿಸಿ ಚಿಕಿತ್ಸೆ ಶುರುವಾಗಬೇಕು. ಈ ಲಕ್ಷಣ ಎಷ್ಟು ಹೊತ್ತಿಗೆ ಶುರುವಾಯಿತು ಅನ್ನುವುದನ್ನು ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ. ಅಲ್ಲಿ ಮೊದಲು ಕೇಳುವುದೇ ಅದನ್ನು.

ಕೊನೆಗೆ ಬೆಟ್ಟದ ಹರಕೆ. ಬೇಡ ಅನ್ನುವುದಿಲ್ಲ. ಮೆಟ್ಟಿಲು ಸಾವಿರ ಇವೆ, ಅದಕ್ಕೆ ತಯಾರಿ ಬೇಕು. ಇವತ್ತಿನಿಂದ ಅಮ್ಮ ದಿನಾ ಅರ್ಧ ಗಂಟೆ ನಡೆಯಲಿ, ಎರಡು ವಾರದ ನಂತರ ಮನೆಯ ಮೆಟ್ಟಿಲು ಹತ್ತಿ ಇಳಿಯುವುದನ್ನೂ ಸೇರಿಸಲಿ. ನಡೆಯುವಾಗ ಎದೆ ಹಿಡಿದ ಹಾಗಾಗುವುದು, ಉಸಿರು ಸಿಕ್ಕಿಕೊಳ್ಳುವುದು ಇದ್ದರೆ ಇಸಿಜಿ ಮಾಡಿಸಿ ವೈದ್ಯರು ಸರಿ ಅನ್ನುವವರೆಗೆ ಹರಕೆ ಮುಂದಕ್ಕೆ ಹಾಕಿ, ದೇವಿ ಕಾಯುತ್ತಾಳೆ. ಹೊರಡುವ ಮುಂಚಿನ ಏಳು ದಿನ ಬೆಳಿಗ್ಗೆ, ಸಂಜೆ ಬಿಪಿ ಬರೆದಿಡಿ. 135/85ರ ಆಸುಪಾಸೇ ಇದ್ದರೆ ಧೈರ್ಯವಾಗಿ ಕರೆದುಕೊಂಡು ಹೋಗಿ. ದಸರಾದ ಹತ್ತು ದಿನದ ಜನಜಂಗುಳಿಯಲ್ಲಿ ಬೇಡ, ಮುಂಚೆಯೋ ಆಮೇಲೋ ಒಂದು ಮಾಮೂಲಿ ದಿನ ಹೋಗಿ. ಆ ಬೆಳಿಗ್ಗೆ ಮಾತ್ರೆ ನುಂಗಿಸಿ, ಎರಡು ಬಾಳೆಹಣ್ಣು ತಿನ್ನಿಸಿ, ಬಿಸಿಲೇರುವ ಮುಂಚೆ ಶುರು ಮಾಡಿ. ಮಾತಾಡುತ್ತಾ ಹತ್ತುವಷ್ಟು ನಿಧಾನ ಇರಲಿ. ಮಾತು ನಿಂತು ಏದುಸಿರು ಬಂದರೆ ಅಲ್ಲೇ ಕೂರಿಸಿ. ದೊಡ್ಡ ನಂದಿಯ ಹತ್ತಿರ ಹೇಗೂ ನಿಲ್ಲುತ್ತೀರಿ, ಅಲ್ಲಿ ಕಾಲು ಗಂಟೆ ಕೂತು ನೀರು ಕುಡಿಸಿ. ಸಾಕು ಅನ್ನಿಸಿದರೆ ನಂದಿಯ ತನಕ ರಸ್ತೆಯೂ ಇದೆ, ಅಲ್ಲಿಂದ ಗಾಡಿ ಹತ್ತಬಹುದು. ಇಳಿಯುವಾಗ ಮಾತ್ರ ಮೆಟ್ಟಿಲು ಬೇಡ. ಮಂಡಿಗೆ ಇಳಿಜಾರೇ ಕಷ್ಟ. ಮೇಲಿನಿಂದ ಬಸ್ಸಿಗೇ ಬನ್ನಿ.